ದಿರ್ಹಮಿನ ಸಾಲ, ರೂಪಾಯಿಯ ಲೆಕ್ಕ



ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರು, ನಮಾಝ್ ಮುಗಿದ ಕೂಡಲೇ ಒಬ್ಬರ ಮುಖವನ್ನೊಬ್ಬರು ನೋಡದೆ ಮಸೀದಿಯ ಎರಡು ಬಾಗಿಲುಗಳಿಂದ ಹೊರಹೋಗುವುದನ್ನು ನೀವು ಕಂಡಿರಬಹುದು. ಅದರ ಕಾರಣವನ್ನು ಕೆದಕಿ ನೋಡಿದರೆ ಹೆಚ್ಚಿನ ಕಡೆ ಅಲ್ಲಿ ಧಾರ್ಮಿಕ ಭಿನ್ನಾಭಿಪ್ರಾಯವೇನೂ ಇರುವುದಿಲ್ಲ. ಇರುವುದು ಹಣ. ಅದೂ ಲಕ್ಷಾಂತರ ರೂಪಾಯಿಯ ಆಸ್ತಿಯಲ್ಲ, ಬಾಯಿಮಾತಿನಲ್ಲಿ ಮುಗಿದುಹೋದ, ಬರೆದಿಡದ ಒಂದು ಚಿಕ್ಕ ಲೆಕ್ಕ. ಅಂತಹ ಒಂದು ಲೆಕ್ಕದ ಬಗ್ಗೆ ಈ ತಿಂಗಳು ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ.

ಒಂದು ದಿನ ಅಸರ್ ನಮಾಝಿನ ನಂತರ ಮದ್ರಸದ ಮಕ್ಕಳು ಚದುರಿದ ಮೇಲೆ ನನಗೆ ಪರಿಚಯವಿರುವ ವ್ಯಾಪಾರಿಯೊಬ್ಬರು ಬಂದು ಬೆಂಚಿನ ಮೇಲೆ ಕುಳಿತರು. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ವಿಷಯಕ್ಕೆ ಬಂತು. ಅವರ ತಮ್ಮ ಶಾರ್ಜಾದಲ್ಲಿ ಕೆಲಸಕ್ಕಿದ್ದಾನೆ. ಐದು ಮಂದಿಯೊಂದಿಗೆ ಒಂದು ಕೋಣೆಯನ್ನು ಹಂಚಿಕೊಂಡು ಬದುಕುವವನು. ಶಾಲೆಯ ರಜೆಯಲ್ಲಿ ಉಮ್ಮನನ್ನೂ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಇವರು ಅಲ್ಲಿಗೆ ಪ್ರವಾಸ ಹೋದರು. ತಮ್ಮನ ಕೋಣೆಯಲ್ಲಿ ಇವರೆಲ್ಲ ಇರುವಂತಿಲ್ಲ. ಆದ್ದರಿಂದ ಅವನು ದುಬೈಯ ದೇರಾದಲ್ಲಿ ಪಾತ್ರೆ ಪಗಡೆ, ಹಾಸಿಗೆ ಎಲ್ಲವೂ ಇರುವ ಒಂದು ಫ್ಲಾಟನ್ನು ಹದಿನೈದು ದಿನಗಳಿಗೆ ಗೊತ್ತುಮಾಡಿದ. ದಿನಕ್ಕೆ 400 ದಿರ್ಹಮ್‌ನಂತೆ 6,000 ದಿರ್ಹಮ್. ಮುಂಗಡವಾಗಿ ಪೂರ್ತಿ ಹಣವನ್ನು ಅಲ್ಲಿನ ತನ್ನ ಖಾತೆಯಿಂದಲೇ ಕಟ್ಟಿದ.

“ನೀನು ಕಟ್ಟಿರು, ಊರಿಗೆ ಹೋದ ಮೇಲೆ ನಾನು ಕೊಡುತ್ತೇನೆ” ಎಂದು ಅಣ್ಣ ಹೇಳಿದ್ದರು. “ಆಗಲಿ ಕಾಕಾ” ಎಂದು ತಮ್ಮ ಒಪ್ಪಿದ್ದ. ಇಷ್ಟೇ ಅವರ ಕರಾರು.

ಊರಿಗೆ ಬಂದ ಮೇಲೆ ಅಂಗಡಿಯ ದಾಸ್ತಾನು, ಮಗಳ ಕಾಲೇಜಿನ ಶುಲ್ಕ, ಮಳೆಗಾಲದ ಮಂದ ವ್ಯಾಪಾರ ಎಂದು ಎಂಟು ತಿಂಗಳು ಸರಿದವು. ಫ್ಲಾಟಿನ ಹಣ ಕಟ್ಟಿದ ದಿನ ಒಂದು ದಿರ್ಹಮಿಗೆ ಸುಮಾರು 23 ರೂಪಾಯಿ ಇತ್ತು. ಲೆಕ್ಕ ತೀರಿಸಲು ಹೊರಟಾಗ ಅದು ಸುಮಾರು 24 ಆಗಿತ್ತು. ಅಣ್ಣ 1,38,000 ರೂಪಾಯಿ ಕೊಡಲು ಸಿದ್ಧರಾದರು. ತಮ್ಮ ಫೋನಿನಲ್ಲಿ ತಡವರಿಸುತ್ತಾ, “ಕಾಕಾ, ನಾನು ಕೊಟ್ಟದ್ದು ದಿರ್ಹಮ್. ಈಗ ಆರು ಸಾವಿರ ದಿರ್ಹಮ್ ಆಗಬೇಕಾದರೆ 1,44,000 ಬೇಕಲ್ಲ?” ಎಂದ. ಅಣ್ಣನಿಗೆ ಕೋಪ ಬಂತು. ಅಂದಿನ ದರ ಅಂದಿಗೆ, ಅದರ ಮೇಲೆ ಆರು ಸಾವಿರ ರೂಪಾಯಿ ಹೆಚ್ಚು ಕೇಳಿದರೆ ಅದು ಬಡ್ಡಿಯಲ್ಲದೆ ಮತ್ತೇನು ಎಂದು ಗದರಿದರು. ಬಡ್ಡಿ ಎಂಬ ಶಬ್ದ ಕೇಳಿದ ಮೇಲೆ ತಮ್ಮ ಫೋನ್ ಮಾಡುವುದನ್ನೇ ನಿಲ್ಲಿಸಿದ. ಶುಕ್ರವಾರ ಜುಮಾ ಕಳೆದ ಮೇಲೆ ಇಬ್ಬರು ಮಕ್ಕಳ ಸ್ವರವನ್ನೂ ಒಟ್ಟಿಗೆ ಕೇಳುತ್ತಿದ್ದ ಉಮ್ಮ ಈಗ ಫೋನನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಾರಂತೆ.

“ಉಸ್ತಾದರೇ, ನೀವೇ ಹೇಳಿ. ಬಡ್ಡಿ ಕೊಡುವುದೂ ಹರಾಮ್ ಅಲ್ಲವೇ? ಒಡಹುಟ್ಟಿದವನಿಗಾಗಿ ನಾನು ಹರಾಮ್ ಮಾಡಬೇಕೇ?” ಎಂದು ಅವರು ಕೇಳಿದರು.

ಓದುಗರೇ, ಈ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ಬಡ್ಡಿಗೆ ಹೆದರುವ ಹೃದಯ ಅವರಿಗಿತ್ತು. ಆದರೆ ಭಯವಿದ್ದರೆ ಸಾಲದು, ತಿಳುವಳಿಕೆಯೂ ಬೇಕು. ತಿಳುವಳಿಕೆಯಿಲ್ಲದ ಭಯ ಕೆಲವೊಮ್ಮೆ ಇನ್ನೊಬ್ಬರ ಹಕ್ಕನ್ನು ನುಂಗಿ, ಅದನ್ನೇ ಧರ್ಮನಿಷ್ಠೆಯೆಂದು ಭಾವಿಸುವಂತೆ ಮಾಡುತ್ತದೆ.

ಬಖೀಅ್‌ನ ಒಂಟೆ ವ್ಯಾಪಾರ

ಈ ಪ್ರಶ್ನೆ ವಿಮಾನ, ವೀಸಾಗಳ ಕಾಲದಲ್ಲಿ ಹೊಸದಾಗಿ ಹುಟ್ಟಿದ್ದೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿಯೇ ಮದೀನಾದ ಪೇಟೆಯಲ್ಲಿ ಎರಡು ನಾಣ್ಯಗಳು ಚಲಾವಣೆಯಲ್ಲಿದ್ದವು. ರೋಮನ್ನರ ಕಡೆಯಿಂದ ಬಂದ ಚಿನ್ನದ ದೀನಾರ್ ಮತ್ತು ಪರ್ಶಿಯನ್ನರ ಕಡೆಯಿಂದ ಬಂದ ಬೆಳ್ಳಿಯ ದಿರ್ಹಮ್. ಇವೆರಡರ ನಡುವಿನ ದರ ಒಂದೇ ಆಗಿರದೆ ಏರಿಳಿಯುತ್ತಿತ್ತು.

ಅಬ್ದುಲ್ಲಾ ಇಬ್ನು ಉಮರ್(ರ) ಬಖೀಅ್‌ನಲ್ಲಿ ಒಂಟೆಗಳನ್ನು ಮಾರುತ್ತಿದ್ದರು. ದೀನಾರಿಗೆ ಬೆಲೆ ಗೊತ್ತುಮಾಡಿ, ಪಡೆಯುವಾಗ ದಿರ್ಹಮ್ ಪಡೆಯುವುದೂ ಇತ್ತು. ದಿರ್ಹಮಿಗೆ ಮಾರಿ ದೀನಾರ್ ಪಡೆಯುವುದೂ ಇತ್ತು. ಇದು ಸರಿಯೇ ಎಂಬ ಸಂದೇಹ ಅವರ ಮನಸ್ಸನ್ನು ಕಾಡಿತು. ಪ್ರವಾದಿವರ್ಯರು(ಸ) ಹಫ್ಸಾರ(ರ) ಮನೆಯಲ್ಲಿದ್ದಾಗ ಅವರು ಅಲ್ಲಿಗೆ ಹೋಗಿ ಕೇಳಿದರು. ಹಫ್ಸಾ(ರ) ಅವರ ಸ್ವಂತ ಸಹೋದರಿ. ಪ್ರವಾದಿವರ್ಯರು(ಸ) ಕೊಟ್ಟ ಉತ್ತರದ ಸಾರ ಇದು: ಆ ದಿನದ ದರದಲ್ಲಿ ಪಡೆದರೆ ಅಡ್ಡಿಯಿಲ್ಲ, ಆದರೆ ನೀವಿಬ್ಬರೂ ಬೇರ್ಪಡುವಾಗ ನಿಮ್ಮ ನಡುವೆ ಏನೂ ಬಾಕಿ ಉಳಿದಿರಬಾರದು. ಅಬೂದಾವೂದ್, ತಿರ್ಮಿದಿ ಮೊದಲಾದ ಹದೀಸ್ ಗ್ರಂಥಗಳಲ್ಲಿ ಈ ವರದಿಯಿದೆ. ಫಿಕ್ಹ್‌ನ ವಿದ್ವಾಂಸರು ಈ ವಿಷಯ ಬಂದಾಗಲೆಲ್ಲ ಇದನ್ನು ಮುಂದಿಡುತ್ತಾರೆ.

ಈ ಒಂದು ಉತ್ತರದಲ್ಲಿ ಮೂರು ಪಾಠಗಳಿವೆ. ಒಂದನೆಯದು, ಋಣ ಯಾವ ನಾಣ್ಯದಲ್ಲಿ ಹುಟ್ಟಿತೋ ಆ ನಾಣ್ಯದಲ್ಲೇ ನಿಲ್ಲುತ್ತದೆ. ದೀನಾರಿನ ಋಣ ದೀನಾರಿನ ಋಣವೇ. ಎರಡನೆಯದು, ತೀರಿಸುವಾಗ ಇಬ್ಬರೂ ಒಪ್ಪಿದರೆ ಬೇರೆ ನಾಣ್ಯದಲ್ಲಿ ತೀರಿಸಬಹುದು. ಆಗ ನೋಡಬೇಕಾದ್ದು ತೀರಿಸುವ ದಿನದ ದರ. ಸಾಲ ಹುಟ್ಟಿದ ದಿನದ ದರವಲ್ಲ. ಮೂರನೆಯದು, ಹೀಗೆ ಬದಲಾಯಿಸಿದ ಮೊತ್ತವನ್ನು ಆಗಲೇ ಕೈಗೆ ಕೊಟ್ಟು ಮುಗಿಸಬೇಕು. ದರವನ್ನು ಇಂದು ಗೊತ್ತುಮಾಡಿ ಹಣವನ್ನು ನಾಳೆ ಕೊಡುವಂತಿಲ್ಲ.

ಈಗ ಆ ಇಬ್ಬರು ಸಹೋದರರ ಲೆಕ್ಕವನ್ನು ಈ ತಕ್ಕಡಿಯಲ್ಲಿಟ್ಟು ನೋಡಿ. ತಮ್ಮನ ಕೈಯಿಂದ ಹೋದದ್ದು 6,000 ದಿರ್ಹಮ್. ಅಣ್ಣನ ಹೆಗಲ ಮೇಲೆ ನಿಂತ ಋಣವೂ 6,000 ದಿರ್ಹಮ್. ಎಂಟು ತಿಂಗಳ ನಂತರವೂ ತಮ್ಮ ಕೇಳಿದ್ದು 6,000 ದಿರ್ಹಮನ್ನೇ. ಒಂದು ದಿರ್ಹಮನ್ನೂ ಅವನು ಹೆಚ್ಚು ಕೇಳಲಿಲ್ಲ. ಹಾಗಿರುವಾಗ ಬಡ್ಡಿ ಎಲ್ಲಿಂದ ಬಂತು? ಒಂದು ವೇಳೆ ದರ 24ಕ್ಕೆ ಏರುವ ಬದಲು 22ಕ್ಕೆ ಇಳಿದಿದ್ದರೆ ಅಣ್ಣ 1,32,000 ರೂಪಾಯಿ ಕೊಟ್ಟರೆ ಸಾಕಾಗುತ್ತಿತ್ತು. ಆಗ ತಮ್ಮನು 1,38,000ವೇ ಬೇಕೆಂದು ಹಟ ಹಿಡಿಯುವಂತಿರಲಿಲ್ಲ.

ನಿಜವಾದ ಅಪಾಯ ಎಲ್ಲಿತ್ತು?

ಇಲ್ಲಿಗೆ ಮಾತು ಮುಗಿಯುವುದಿಲ್ಲ. ಬಡ್ಡಿಗೆ ಹೆದರಿದ ಆ ಅಣ್ಣ, ತನಗರಿವಿಲ್ಲದೆಯೇ, ಬಡ್ಡಿಯ ಬಾಗಿಲ ಹತ್ತಿರವೇ ನಿಂತಿದ್ದರು. ಅಂದಿನ ದರ ಅಂದಿಗೆ ಎಂಬ ಅವರ ವಾದದ ಅರ್ಥವೇನು? ತಮ್ಮನು ಅಂದು 6,000 ದಿರ್ಹಮ್ ಕೊಟ್ಟ, ಅದಕ್ಕೆ ಪ್ರತಿಯಾಗಿ ನಾನು ಎಂಟು ತಿಂಗಳ ಬಳಿಕ 1,38,000 ರೂಪಾಯಿ ಕೊಡುತ್ತೇನೆ ಎಂದು. ಅಂದೇ ಹಾಗೆ ಕರಾರು ಮಾಡಿಕೊಂಡಿದ್ದರೆ ಅದು ಸಾಲವಾಗಿ ಉಳಿಯುತ್ತಿರಲಿಲ್ಲ. ಒಂದು ನಾಣ್ಯವನ್ನು ಇನ್ನೊಂದು ನಾಣ್ಯಕ್ಕೆ ಮಾರಿದ ವ್ಯಾಪಾರವಾಗುತ್ತಿತ್ತು. ಫಿಕ್ಹ್‌ನಲ್ಲಿ ಇದನ್ನು ಸರ್ಫ್ ಎನ್ನುತ್ತಾರೆ. ಸರ್ಫ್‌ನಲ್ಲಿ ದರವನ್ನು ನೀವು ಇಷ್ಟಬಂದಂತೆ ಗೊತ್ತುಮಾಡಬಹುದು. ಆದರೆ ಕೊಡುಕೊಳ್ಳುವಿಕೆ ಕೈಯಿಂದ ಕೈಗೆ, ಆಗಲೇ ನಡೆಯಬೇಕು. ಉಬಾದ ಇಬ್ನು ಸ್ಸಾಮಿತ್(ರ) ವರದಿ ಮಾಡಿದ ಮುಸ್ಲಿಮ್ ಗ್ರಂಥದ ಪ್ರಸಿದ್ಧ ಹದೀಸಿನ ತಾತ್ಪರ್ಯ ಇದೇ. ಒಂದು ಕಡೆಯ ಹಣ ಇಂದು, ಇನ್ನೊಂದು ಕಡೆಯ ಹಣ ಎಂಟು ತಿಂಗಳ ನಂತರ ಎಂದಾದರೆ ಅದು ವಿಳಂಬದ ಬಡ್ಡಿ.

ಈ ವಿಷಯದಲ್ಲಿ ಸಹಾಬಿಗಳು ಎಷ್ಟು ಎಚ್ಚರದಿಂದಿದ್ದರೆಂಬುದಕ್ಕೆ ಬುಖಾರಿಯಲ್ಲಿ ಒಂದು ಘಟನೆಯಿದೆ. ಮಾಲಿಕ್ ಇಬ್ನು ಔಸ್ ಎಂಬವರಿಗೆ 100 ದೀನಾರನ್ನು ಚಿಲ್ಲರೆ ಮಾಡಿಸಬೇಕಿತ್ತು. ತಲ್‌ಹಾ ಇಬ್ನು ಉಬೈದುಲ್ಲಾ(ರ) ಒಪ್ಪಿದರು. ದರವೂ ಕುದುರಿತು. ತಲ್‌ಹಾ(ರ) ಚಿನ್ನವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಾ, ನಮ್ಮ ಖಜಾಂಚಿ ಗಾಬಾದಿಂದ ಬರುವವರೆಗೆ ಕಾಯಬೇಕು ಎಂದರು. ಅದನ್ನು ಕೇಳಿಸಿಕೊಳ್ಳುತ್ತಿದ್ದ ಉಮರ್(ರ) ಕೂಡಲೇ ಮಧ್ಯೆ ಬಂದು, ಪಡೆಯಬೇಕಾದ್ದನ್ನು ಪಡೆಯದೆ ಅವರಿಂದ ಅಗಲಬಾರದೆಂದು ಅಲ್ಲಾಹನ ಮೇಲೆ ಆಣೆಯಿಟ್ಟು ಮಾಲಿಕ್‌ರಿಗೆ ಹೇಳಿದರು. ತಲ್‌ಹಾ(ರ) ಯಾರು? ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಅವರು ಹಣ ಕೊಡದೆ ಹೋಗುತ್ತಾರೆಂಬ ಅನುಮಾನ ಉಮರ್‌ರಿಗೆ(ರ) ಇರಲು ಸಾಧ್ಯವೇ? ಇಲ್ಲ. ಈ ನಿಯಮ ನಿಂತಿರುವುದು ಅಪನಂಬಿಕೆಯ ಮೇಲಲ್ಲ. ನಂಬಿಕಸ್ಥರ ನಡುವೆಯೂ ಅದು ನಿಯಮವೇ. ನಮ್ಮಣ್ಣನೇ, ನಮ್ಮ ಭಾವನೇ ಎಂದು ನಾವು ಅದನ್ನು ಸಡಿಲಿಸುವಂತಿಲ್ಲ.

ಅದು ಚಿನ್ನ ಬೆಳ್ಳಿಯ ಮಾತು, ಕಾಗದದ ನೋಟಿಗೇನು ಸಂಬಂಧ ಎಂದು ಕೆಲವರು ಕೇಳುವುದುಂಟು. ಜಗತ್ತಿನ ವಿವಿಧ ದೇಶಗಳ ವಿದ್ವಾಂಸರು ಸೇರಿರುವ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದಾಗ, ನೋಟು ಪೂರ್ಣ ಅರ್ಥದಲ್ಲಿ ಹಣವೇ, ಝಕಾತ್ ಮತ್ತು ಬಡ್ಡಿಯ ನಿಯಮಗಳು ಅದಕ್ಕೂ ಅನ್ವಯಿಸುತ್ತವೆ ಎಂದು ತೀರ್ಮಾನಿಸಿತು. 1988ರಲ್ಲಿ ಕುವೈತ್‌ನಲ್ಲಿ, ಸಾಲವನ್ನು ಅದೇ ನಾಣ್ಯದಲ್ಲಿ ಅಷ್ಟೇ ಸಂಖ್ಯೆಯಲ್ಲಿ ಹಿಂತಿರುಗಿಸಬೇಕು, ಬೆಲೆಯೇರಿಕೆಗೆ ಗಂಟು ಹಾಕಿ ಹೆಚ್ಚಿಸಬಾರದು ಎಂದಿತು. 1990ರಲ್ಲಿ ಜಿದ್ದಾದಲ್ಲಿ, ಬ್ಯಾಂಕ್ ಖಾತೆಗೆ ಹಣ ಜಮೆಯಾಗುವುದು ಕೈಗೆ ಪಡೆದುದಕ್ಕೆ ಸಮಾನ ಎಂದಿತು. ಅಂದರೆ ಸಹೋದರರು ಎರಡು ದೇಶಗಳಲ್ಲಿದ್ದರೂ ದಾರಿ ಮುಚ್ಚಿಲ್ಲ. ತೀರಿಸುವ ದಿನ ಫೋನಿನಲ್ಲಿ ಮಾತನಾಡಿ, ಆ ದಿನದ ದರವನ್ನು ಇಬ್ಬರೂ ಒಪ್ಪಿ, ಆಗಲೇ ತಮ್ಮನ ಊರಿನ ಖಾತೆಗೆ ರೂಪಾಯಿಯನ್ನು ಹಾಕಿದರೆ ಕೆಲಸ ಮುಗಿಯಿತು.

ಪೂರ್ತಿ ಕೊಡಲು ಕೈಲಾಗದಿದ್ದರೆ? ಆಗ ಕೊಡುವಷ್ಟನ್ನು ಮಾತ್ರ ಆ ದಿನದ ದರದಲ್ಲಿ ಬದಲಾಯಿಸಿ, ಉಳಿದದ್ದನ್ನು ದಿರ್ಹಮಿನಲ್ಲೇ ಬರೆದಿಡಬೇಕು. ಇಂದು 48,000 ರೂಪಾಯಿ ಕೊಟ್ಟರೆ, 24ರ ದರದಲ್ಲಿ 2,000 ದಿರ್ಹಮ್ ತೀರಿತು, 4,000 ದಿರ್ಹಮ್ ಬಾಕಿ. ಆ ಬಾಕಿ ತೀರಿಸುವ ದಿನ ಬಂದಾಗ ಅಂದಿನ ದರ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ತಮ್ಮನು ಅಲ್ಲಿನ ಖಾತೆಯ ಬದಲು ಊರಿನ ಬ್ಯಾಂಕಿನ ಕಾರ್ಡಿನಿಂದ ಕಟ್ಟಿದ್ದರೆ ಅವನ ಖಾತೆಯಿಂದ ಹೋಗುತ್ತಿದ್ದುದು ರೂಪಾಯಿ. ಆಗ ಋಣವೂ ರೂಪಾಯಿಯದೇ. ಬ್ಯಾಂಕು ಕಡಿತ ಮಾಡಿದ ರೂಪಾಯಿ, ಅದರ ಮೇಲೆ ಹಾಕಿದ ಶುಲ್ಕ, ಇವೆರಡನ್ನೂ ಸೇರಿಸಿ ಕೊಟ್ಟರೆ ಮುಗಿಯಿತು. ದಿರ್ಹಮ್ ಎಷ್ಟಕ್ಕೆ ಏರಿದರೂ ತಮ್ಮ ಹೆಚ್ಚು ಕೇಳುವಂತಿಲ್ಲ, ಕೇಳಿದರೆ ಅದು ನಿಜಕ್ಕೂ ಬಡ್ಡಿಯಾಗುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಕೊಟ್ಟವನ ಜೇಬಿನಿಂದ ಹೋದದ್ದು ಯಾವ ನಾಣ್ಯ?

ಹಣದ ಬೆಲೆ ಯಾರ ಕೈಯಲ್ಲಿದೆ?

ದರ ಏರಿದ್ದು ತಮ್ಮನ ತಪ್ಪೂ ಅಲ್ಲ, ಅಣ್ಣನ ತಪ್ಪೂ ಅಲ್ಲ. ನಮ್ಮ ಕರಾವಳಿಯ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು, ಒಂದು ಕಾಲದಲ್ಲಿ ದುಬೈ, ಕತಾರ್‌ಗಳಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿಯೇ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟುಗಳನ್ನು ಹೊರಡಿಸಿತು. 1966ರ ಜೂನ್‌ನಲ್ಲಿ ಭಾರತ ಸರಕಾರ ರೂಪಾಯಿಯ ಬೆಲೆಯನ್ನು ಇಳಿಸಿತು. ಡಾಲರಿಗೆ 4.76 ರೂಪಾಯಿ ಇದ್ದದ್ದು ರಾತ್ರಿ ಕಳೆಯುವುದರೊಳಗೆ 7.50 ಆಯಿತು. ಆ ನಂತರ ಅಲ್ಲಿನವರು ನಮ್ಮ ರೂಪಾಯಿಯನ್ನು ಕೈಬಿಟ್ಟರು. ಯು.ಎ.ಇ. ದಿರ್ಹಮ್ ಬಂದದ್ದು 1973ರಲ್ಲಿ. 1997ರಿಂದ ಅದನ್ನು ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಲಾಗಿದೆ. ರೂಪಾಯಿಗೆ ಅಂತಹ ಕಟ್ಟು ಇಲ್ಲ. 2014ರಲ್ಲಿ 16-17 ರೂಪಾಯಿಗೆ ಸಿಗುತ್ತಿದ್ದ ದಿರ್ಹಮ್ 2024ರಲ್ಲಿ 22 ರೂಪಾಯಿಯನ್ನು ದಾಟಿತ್ತು.

ಗಾಳಿಯನ್ನು ನಿಲ್ಲಿಸಲು ನಮ್ಮಿಂದಾಗದು. ಆದರೆ ಸಾಲವನ್ನು ಬೇಗ ತೀರಿಸುವುದು ನಮ್ಮ ಕೈಯಲ್ಲಿದೆ. ಅಣ್ಣ ಊರಿಗೆ ಬಂದ ವಾರವೇ ಕೊಟ್ಟಿದ್ದರೆ ಈ ಆರು ಸಾವಿರದ ಪ್ರಶ್ನೆಯೇ ಏಳುತ್ತಿರಲಿಲ್ಲ. ಕೊಡಲು ಶಕ್ತಿಯಿದ್ದವನು ಮುಂದೂಡುವುದನ್ನು ಪ್ರವಾದಿವರ್ಯರು(ಸ) ಅಕ್ರಮವೆಂದು ಕರೆದಿದ್ದಾರೆ. ಆ ಎಂಟು ತಿಂಗಳಲ್ಲಿ ಅಂಗಡಿಗೆ ಹೊಸ ದಾಸ್ತಾನು ಬಂತು, ಮನೆಗೆ ಬಣ್ಣವೂ ಬಂತು. ತಮ್ಮನ ಹಣ ಮಾತ್ರ ಕಾಯುತ್ತಾ ಕುಳಿತಿತ್ತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನಮ್ಮ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಪ್ರಯಾಣ ಹೊರಡುವ ಮೊದಲು

ಸಹೋದರ ಸಹೋದರಿಯರೇ, ಪ್ರವಾಸವನ್ನು ಇಸ್ಲಾಮ್ ತಡೆಯುವುದಿಲ್ಲ. ಭೂಮಿಯಲ್ಲಿ ಸಂಚರಿಸಿ ನೋಡುವಂತೆ ಪವಿತ್ರ ಕುರ್‌ಆನ್ ಅನೇಕ ಕಡೆ ನಮ್ಮನ್ನು ಪ್ರೇರೇಪಿಸುತ್ತದೆ. ಉಮ್ಮನಿಗೆ ಮಗ ದುಡಿಯುವ ಊರನ್ನು ತೋರಿಸುವುದು ಪುಣ್ಯದ ಕೆಲಸವೂ ಹೌದು. ಆದರೆ ಹೊರಡುವ ಮೊದಲು ಕೆಲವು ವಿಷಯಗಳನ್ನು ನೇರ್ಪಡಿಸಿಕೊಳ್ಳಿ.

ಮೊದಲನೆಯದಾಗಿ, ಬರೆದಿಡಿ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಅಲ್‌ಬಖರಾ ಅಧ್ಯಾಯದ 282ನೆಯದು. ಅದು ಸಾಲವನ್ನು ಬರೆದಿಡುವ ಬಗ್ಗೆ ಇದೆ. ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದೆಂದೂ ಅದು ತಾಕೀತು ಮಾಡುತ್ತದೆ. ಮನೆಯ ಬಾಡಿಗೆ ಎಷ್ಟು, ಯಾವ ನಾಣ್ಯದಲ್ಲಿ, ಎಷ್ಟು ರಾತ್ರಿಗಳಿಗೆ, ಠೇವಣಿ ಎಷ್ಟು, ಅದು ಯಾವಾಗ ವಾಪಸು, ಬರಲಾಗದಿದ್ದರೆ ಎಷ್ಟು ಕಡಿತ ಎಂಬುದೆಲ್ಲ ಸ್ಪಷ್ಟವಾಗಿರಲಿ. ದುಬೈಯಲ್ಲಿ 2018ರಿಂದ ಶೇಕಡಾ 5ರ ವ್ಯಾಟ್ ಇದೆ. 2014ರಿಂದ ಪ್ರವಾಸಿಗಳ ವಾಸಕ್ಕೆ ಟೂರಿಸಂ ದಿರ್ಹಮ್ ಎಂಬ ಶುಲ್ಕವೂ ಇದೆ. ಇವು ಬಾಡಿಗೆಯಲ್ಲಿ ಸೇರಿವೆಯೇ, ಬೇರೆಯೇ ಎಂದು ಮೊದಲೇ ಕೇಳಿ. ಗೊತ್ತಿಲ್ಲದ ಬೆಲೆಗೆ ಒಪ್ಪಿ ಆಮೇಲೆ ಜಗಳವಾಡುವುದನ್ನು ಶರೀಅತ್ ಇಷ್ಟಪಡುವುದಿಲ್ಲ. ಯಾರ ಪಾಲು ಎಷ್ಟು, ಯಾರು ಯಾರಿಗೆ ಯಾವ ನಾಣ್ಯದಲ್ಲಿ ಕೊಡಬೇಕು ಎಂಬುದನ್ನು ಮನೆಯವರೂ ತಮ್ಮೊಳಗೆ ಎರಡು ಸಾಲಿನಲ್ಲಿ ಬರೆದುಕೊಳ್ಳಲಿ. ಇಂದು ಅದಕ್ಕೆ ಕಾಗದವೂ ಬೇಡ, ಮೊಬೈಲಿನ ಒಂದು ಸಂದೇಶ ಸಾಕು.

ಎರಡನೆಯದಾಗಿ, ಕಾರ್ಡಿನ ವಿಷಯ. ವಿದೇಶದಲ್ಲಿ ಕಾರ್ಡು ತೋರಿಸಿದಾಗ ಯಂತ್ರವು ಒಮ್ಮೊಮ್ಮೆ ರೂಪಾಯಿಯಲ್ಲಿ ಕಟ್ಟುವಿರೋ ದಿರ್ಹಮಿನಲ್ಲೋ ಎಂದು ಕೇಳುತ್ತದೆ. ನಮ್ಮ ನಾಣ್ಯವಲ್ಲವೇ ಎಂದು ರೂಪಾಯಿಯನ್ನು ಒತ್ತಿದರೆ ದರವನ್ನು ಆ ಕಡೆಯವರು ಗೊತ್ತುಮಾಡುತ್ತಾರೆ, ಸಾಮಾನ್ಯವಾಗಿ ಅದು ನಮಗೆ ನಷ್ಟದ್ದೇ. ಅಲ್ಲಿನ ನಾಣ್ಯವನ್ನೇ ಆರಿಸಿ. ನಮ್ಮ ಹಲವು ಬ್ಯಾಂಕುಗಳು ವಿದೇಶೀ ಪಾವತಿಗೆ ಶೇಕಡಾ 2ರಿಂದ 3.5ರವರೆಗೆ ಶುಲ್ಕ ಹಾಕುತ್ತವೆ. ಹೊರಡುವ ಮೊದಲು ವಿಚಾರಿಸಿ. ಕ್ರೆಡಿಟ್ ಕಾರ್ಡ್ ಬಗ್ಗೆ ಇನ್ನೂ ಎಚ್ಚರ ಬೇಕು. ತಡವಾದರೆ ಬಡ್ಡಿ ಎಂಬ ಷರತ್ತಿರುವ ಕಾರ್ಡನ್ನು, ಅವಧಿಯೊಳಗೆ ಕಟ್ಟುವ ಉದ್ದೇಶವಿದ್ದರೂ ಪಡೆಯಬಾರದೆಂದು ಫಿಕ್ಹ್ ಅಕಾಡೆಮಿ 2000ದಲ್ಲಿ ರಿಯಾದ್‌ನಲ್ಲಿ ತೀರ್ಮಾನಿಸಿತ್ತು. ಅನಿವಾರ್ಯ ಸಂದರ್ಭದಲ್ಲಿ ಅವಧಿಯೊಳಗೆ ಪೂರ್ತಿ ಕಟ್ಟುವ ಷರತ್ತಿನ ಮೇಲೆ ಅನುಮತಿಸಿದ ವಿದ್ವಾಂಸರೂ ಇದ್ದಾರೆ. ನೀವು ನಂಬುವ ಆಲಿಮರನ್ನು ಕೇಳಿ ನಡೆಯಿರಿ. ಖಾತೆಯಲ್ಲಿರುವ ಹಣವನ್ನೇ ಬಳಸುವ ಡೆಬಿಟ್ ಕಾರ್ಡಾಗಲಿ, ಮೊದಲೇ ಹಣ ತುಂಬಿಸಿದ ಪ್ರಯಾಣದ ಕಾರ್ಡಾಗಲಿ ಇರುವಾಗ ಸಂದೇಹದ ದಾರಿ ಏಕೆ? ಬಡ್ಡಿಯ ಸಾಲ ಮಾಡಿ ಪ್ರವಾಸ ಹೋಗುವುದಂತೂ ವಿಷವನ್ನು ಜೇನಿನಲ್ಲಿ ಕಲಸಿ ಮಕ್ಕಳಿಗೆ ತಿನ್ನಿಸಿದಂತೆ.

ಮೂರನೆಯದಾಗಿ, ಹುಂಡಿಯ ದಾರಿ. ಇಲ್ಲಿ ರೂಪಾಯಿ ಕೊಡಿ, ಅಲ್ಲಿ ನಮ್ಮ ಜನ ದಿರ್ಹಮ್ ತಲಪಿಸುತ್ತಾರೆ, ಬ್ಯಾಂಕಿಗಿಂತ ದರ ಒಳ್ಳೆಯದು ಎಂದು ಹೇಳುವವರು ಎಲ್ಲ ಪೇಟೆಗಳಲ್ಲೂ ಸಿಗುತ್ತಾರೆ. ಇಲ್ಲಿ ಎರಡು ತೊಡಕುಗಳಿವೆ. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಪಡೆಯಬೇಕೆಂಬ ಸರ್ಫ್‌ನ ನಿಯಮ ಅಲ್ಲಿ ಪಾಲನೆಯಾಗುವುದಿಲ್ಲ. ಎರಡನೆಯದು, 2000ದ ಜೂನ್‌ನಿಂದ ಜಾರಿಯಲ್ಲಿರುವ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆ ಅದನ್ನು ನಿಷೇಧಿಸುತ್ತದೆ. ಧರ್ಮವು ನಮ್ಮಿಂದ ಹರಾಮನ್ನು ಮಾಡಿಸದಿರುವ ದೇಶದ ಕಾನೂನನ್ನು ಪಾಲಿಸುವುದು ನಾವು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದರಲ್ಲಿ ಸೇರಿದೆ. ಕರಾರುಗಳನ್ನು ಪೂರೈಸಬೇಕೆಂಬ ಆದೇಶದಿಂದಲೇ ಅಲ್‌ಮಾಇದಾ ಅಧ್ಯಾಯ ಆರಂಭವಾಗುತ್ತದೆ. ಕಾನೂನಿನ ದಾರಿಯೇನೂ ಇಕ್ಕಟ್ಟಾಗಿಲ್ಲ. ಪರವಾನಗಿಯುಳ್ಳ ವಿನಿಮಯ ಕೇಂದ್ರದಿಂದ ಒಬ್ಬ ಪ್ರಯಾಣಿಕ ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ನೋಟುಗಳನ್ನು ಒಯ್ಯಬಹುದು, ಉಳಿದದ್ದನ್ನು ಕಾರ್ಡಿನಲ್ಲಿ ಒಯ್ಯಬಹುದು. ಒಂದು ಸಾಮಾನ್ಯ ಕುಟುಂಬಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ನಾಲ್ಕು ಕಾಸಿನ ದರಕ್ಕಾಗಿ ಮಾನವನ್ನೂ ನೆಮ್ಮದಿಯನ್ನೂ ಒತ್ತೆಯಿಡಬೇಡಿ.

ನಾಲ್ಕನೆಯದಾಗಿ, ಬಾಡಿಗೆಯ ಮನೆ ಒಂದು ಅಮಾನತ್ತು. ನಾಲ್ಕು ಮಂದಿಗೆ ಎಂದು ಬಾಡಿಗೆ ಹಿಡಿದು ಎಂಟು ಮಂದಿ ಮಲಗುವುದು, ಮಗುವಿನ ವಯಸ್ಸನ್ನು ಇಳಿಸಿ ಹೇಳುವುದು, ಒಡೆದ ಗ್ಲಾಸನ್ನು ಬೀರುವಿನ ಹಿಂದೆ ಅಡಗಿಸಿಡುವುದು, ಇವೆಲ್ಲ ಸಣ್ಣ ಸಂಗತಿಗಳಂತೆ ಕಾಣುತ್ತವೆ. ಆದರೆ ತಂದೆ ಕೌಂಟರಿನಲ್ಲಿ ಹೇಳುವ ಸುಳ್ಳನ್ನು ಪಕ್ಕದಲ್ಲಿ ನಿಂತ ಮಗು ಕೇಳಿಸಿಕೊಳ್ಳುತ್ತದೆ. ಬುರ್ಜ್ ಖಲೀಫಾವನ್ನು ಅದು ಮರೆಯಬಹುದು, ಆ ಸುಳ್ಳನ್ನು ಮರೆಯಲಾರದು. ಇನ್ನು ಕೊಲ್ಲಿಯಲ್ಲಿರುವ ನಮ್ಮವರಿಗೂ ಒಂದು ಮಾತು. ದುಬೈಯಲ್ಲಿ ಮನೆಯನ್ನು ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡಬೇಕಾದರೆ ಅಲ್ಲಿನ ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಬೇಕು. ಊರಿನವರೆಂದು ನಂಬಿ ಬಂದ ಕುಟುಂಬವನ್ನು ಪರವಾನಗಿಯಿಲ್ಲದ ಮನೆಯಲ್ಲಿರಿಸಿ ಅಪಾಯಕ್ಕೆ ತಳ್ಳುವುದು ಸತ್ಯವಿಶ್ವಾಸಿಗೆ ಭೂಷಣವಲ್ಲ.

ಕೋಣೆಯ ಆರನೆಯ ಮಂಚ

ಆ ದಿನ ಬೆಂಚಿನ ಮೇಲೆ ಕುಳಿತಿದ್ದ ವ್ಯಾಪಾರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ನಾನು ಮುಫ್ತಿಯಲ್ಲ, ಮಕ್ಕಳಿಗೆ ಓದಿಸುವವನು. ಇಬ್ನು ಉಮರ್‌ರ(ರ) ಒಂಟೆಯ ವ್ಯಾಪಾರವನ್ನು ಹೇಳಿ, ಲೆಕ್ಕವನ್ನು ಬಿಡಿಸಿ ತೋರಿಸಿದೆ. ಬೇಕಿದ್ದರೆ ಖಾಝಿಯವರನ್ನೂ ಕೇಳಿ ಎಂದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ. ಆ ಹದಿನೈದು ದಿನ ನೀವು ಫ್ಲಾಟಿನಲ್ಲಿದ್ದಾಗ ತಮ್ಮ ಎಲ್ಲಿ ಮಲಗುತ್ತಿದ್ದ?

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವನ ಕೋಣೆಯಲ್ಲೇ. ಬೆಳಿಗ್ಗೆ ಕೆಲಸಕ್ಕೆ ಹೋಗಲು ಅಲ್ಲಿಂದಲೇ ಹತ್ತಿರ ಎನ್ನುತ್ತಿದ್ದ. ಒಂದು ದಿನ ಉಮ್ಮ ಅವನ ಕೋಣೆ ನೋಡಬೇಕೆಂದರು. ಕರೆದುಕೊಂಡು ಹೋಗಲಿಲ್ಲ. ಏನೋ ನೆಪ ಹೇಳಿದ” ಎಂದರು.

ಓದುಗರೇ, ಆ ನೆಪದ ಹಿಂದೆ ಏನಿತ್ತೆಂದು ನಾನು ವಿವರಿಸಬೇಕೇ? ಆರು ಮಂಚಗಳ ಕೋಣೆಯಲ್ಲಿ ತನ್ನ ಮಂಚವನ್ನು ತಾಯಿ ನೋಡಬಾರದೆಂದು ಬಯಸಿದ ಮಗ, ಅಣ್ಣನ ಮಕ್ಕಳಿಗಾಗಿ ಆರು ಸಾವಿರ ದಿರ್ಹಮನ್ನು ಮುಂಗಡ ಕಟ್ಟಿದ್ದ. ಎಂಟು ತಿಂಗಳು ಕೇಳಲಿಲ್ಲ. ಕೇಳಿದಾಗ ತನ್ನದನ್ನು ಮಾತ್ರ ಕೇಳಿದ. ಅವನಿಗೆ ಸಿಕ್ಕ ಉತ್ತರ ಬಡ್ಡಿಕೋರ ಎಂಬ ಹಣೆಪಟ್ಟಿ. ಹಣದ ಲೆಕ್ಕವನ್ನು ದರದ ಪಟ್ಟಿ ನೋಡಿ ಸರಿಪಡಿಸಬಹುದು. ಆ ಮಾತಿನ ಲೆಕ್ಕವನ್ನು ಯಾವ ದರದಲ್ಲಿ ತೀರಿಸುವುದು?

ಸಾಲ ತೀರಿಸುವುದರಲ್ಲಿ ಉತ್ತಮನಾದವನೇ ಜನರಲ್ಲಿ ಉತ್ತಮನೆಂಬುದು ಪ್ರವಾದಿವರ್ಯರ(ಸ) ಶಿಕ್ಷಣ. ಅವರು ಎಳೆಯ ಒಂಟೆಯನ್ನು ಸಾಲ ಪಡೆದು ಅದಕ್ಕಿಂತ ಉತ್ತಮವಾದುದನ್ನು ಹಿಂತಿರುಗಿಸಿದರು. ಮೊದಲೇ ಷರತ್ತು ಹಾಕಿದ ಹೆಚ್ಚಳ ಬಡ್ಡಿ. ಷರತ್ತಿಲ್ಲದೆ, ತೀರಿಸುವಾಗ ಸ್ವಂತ ಮನಸ್ಸಿನಿಂದ ಕೊಡುವ ಹೆಚ್ಚಳ ಔದಾರ್ಯ. ಇವೆರಡರ ವ್ಯತ್ಯಾಸ ತಿಳಿಯದಿದ್ದರೆ ನಾವು ಕೊಡಬೇಕಾದ ಕಡೆ ಕೈ ಬಿಗಿಹಿಡಿಯುತ್ತೇವೆ, ಬಿಗಿಹಿಡಿಯಬೇಕಾದ ಕಡೆ ಕೈಚೆಲ್ಲುತ್ತೇವೆ.

ಆ ವ್ಯಾಪಾರಿ ಒಮ್ಮೆಲೇ ಪೂರ್ತಿ ತೀರಿಸಲಿಲ್ಲ. ಮೂರು ಕಂತುಗಳಲ್ಲಿ, ಪ್ರತಿ ಸಲವೂ ಆ ದಿನದ ದರ ಕೇಳಿ ತೀರಿಸಿದರು. ಮೊದಲ ಕಂತನ್ನು ಹಾಕುವ ಮುನ್ನ ಅವರೇ ಫೋನ್ ಮಾಡಿ, ತಾನು ಆಡಿದ ಮಾತಿಗೆ ಕ್ಷಮೆ ಕೇಳಿದರೆಂದು ನಂತರ ಒಂದು ಜುಮಾದ ದಿನ ನನಗೆ ತಿಳಿಸಿದರು. ಅಣ್ಣನಾದವನಿಗೆ ತಮ್ಮನಲ್ಲಿ ಕ್ಷಮೆ ಕೇಳುವುದು ಒಂದೂವರೆ ಲಕ್ಷ ಕೊಡುವುದಕ್ಕಿಂತ ಕಷ್ಟದ ಕೆಲಸ. ಕೊನೆಯ ಕಂತಿನೊಂದಿಗೆ ಇನ್ನೇನಾದರೂ ಹೆಚ್ಚು ಕೊಟ್ಟರೋ ಇಲ್ಲವೋ ನಾನು ಕೇಳಲಿಲ್ಲ. ಅದು ಅವರಿಗೂ ಅಲ್ಲಾಹನಿಗೂ ಬಿಟ್ಟದ್ದು.

ನಿಮ್ಮಲ್ಲೂ ಯಾರಾದರೊಬ್ಬರಿಗೆ ಇಂತಹ ಬಾಕಿಯಿರಬಹುದು. ಉಮ್ರಾಕ್ಕೆ ಹೋದಾಗ ಭಾವ ಕಟ್ಟಿದ ರಿಯಾಲ್, ಚಿಕಿತ್ಸೆಯ ನೆಪದಲ್ಲಿ ಗೆಳೆಯ ಕಳುಹಿಸಿದ ದೀನಾರ್, ರಜೆಯ ಮನೆಗೆಂದು ತಮ್ಮ ಕೊಟ್ಟ ದಿರ್ಹಮ್. ಅವರು ಕೇಳುತ್ತಿಲ್ಲವೆಂದರೆ ಮರೆತಿದ್ದಾರೆಂದು ಅರ್ಥವಲ್ಲ. ನಾಚಿಕೆಯಿಂದ ಸುಮ್ಮನಿರಬಹುದು. ಈ ಪತ್ರಿಕೆಯನ್ನು ಮಡಚಿಡುವ ಮೊದಲು ಆ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಯಾರಿಗೆ, ಎಷ್ಟು, ಯಾವ ನಾಣ್ಯದಲ್ಲಿ. ಪರಲೋಕದಲ್ಲಿ ದಿರ್ಹಮೂ ಇಲ್ಲ, ದೀನಾರೂ ಇಲ್ಲ, ರೂಪಾಯಿಯೂ ಇಲ್ಲ. ಅಲ್ಲಿ ಬಾಕಿಯನ್ನು ನಮ್ಮ ಸತ್ಕರ್ಮಗಳಿಂದಲೇ ತೀರಿಸಬೇಕಾಗುತ್ತದೆ.

ನಮ್ಮ ಸಂಪಾದನೆಯನ್ನೂ ಖರ್ಚನ್ನೂ ಅಲ್ಲಾಹನು ಹಲಾಲ್ ಆಗಿರಿಸಲಿ. ಋಣಭಾರದಿಂದ ನಮ್ಮನ್ನು ಬಿಡುಗಡೆಗೊಳಿಸಲಿ. ದೂರದ ನಾಡುಗಳಲ್ಲಿ ದುಡಿಯುವ ನಮ್ಮ ಮಕ್ಕಳನ್ನೂ ಸಹೋದರರನ್ನೂ ರಕ್ಷಿಸಿ, ಅವರ ಬೆವರಿನ ಹಕ್ಕನ್ನು ಅರಿತು ನಡೆಯುವ ಬುದ್ಧಿಯನ್ನು ನಮಗೆ ದಯಪಾಲಿಸಲಿ. ಆಮೀನ್.